ತೋಟ ಅಡವಿಟ್ಟು ಇಂಗ್ಲೆಂಡಿಗೆ ಹೋಗುವ ಯೋಚನೆ. ಅನುಭವ ಇರುವವರು ದಯವಿಟ್ಟು ಹೇಳಿ

ಹೊಳೆಸಾಲು_26

ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಊರು ತೀರ್ಥಹಳ್ಳಿ ತಾಲ್ಲೂಕು, ಪೇಟೆಯಿಂದ 18 ಕಿಲೋಮೀಟರ್ ಒಳಗೆ. ವಯಸ್ಸು 26. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಮೂರು ವರ್ಷ ಅಕೌಂಟ್ಸ್ ಕೆಲಸ ಮಾಡಿದೆ. ಹೋದ ವರ್ಷ ಕಂಪನಿಯವರು ನಮ್ಮ ಟೀಮನ್ನೇ ಮುಚ್ಚಿದರು. ಊರಿಗೆ ಬಂದೆ. ಎರಡು ಎಕರೆ ಅಡಿಕೆ ಇದೆ, ಅದರಲ್ಲಿ ಅರ್ಧ ಎಕರೆ ಬಗರ್ ಹುಕುಂ, ಅಂದರೆ ಹಕ್ಕುಪತ್ರ ಇಲ್ಲದ ಸರ್ಕಾರಿ ಜಾಗ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿದಿದೆ. ಅಪ್ಪನಿಗೆ 61.

ಶಿವಮೊಗ್ಗದಲ್ಲಿ ಒಬ್ಬ ಕನ್ಸಲ್ಟೆಂಟ್ ಸಿಕ್ಕಿದ್ದಾರೆ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್ಸಿ., ಆಮೇಲೆ ಎರಡು ವರ್ಷ ಅಲ್ಲೇ ಕೆಲಸ ಹುಡುಕಲು ವೀಸಾ, ಆಮೇಲೆ ಸೆಟಲ್ ಅಂತ ಹೇಳಿದರು. ಒಟ್ಟು ಖರ್ಚು 22 ಲಕ್ಷವಂತೆ. 20 ಲಕ್ಷ ಸಾಲ ಮಾಡಬೇಕು. ಅಪ್ಪ ತೋಟ ಅಡ ಇಡಲು ಒಪ್ಪಿದ್ದಾರೆ. ಫೈಲ್ ತೆರೆಯಲು 25,000 ಕೊಟ್ಟೂ ಆಯಿತು.

ಒಟ್ಟಿನಲ್ಲಿ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕು. ಇದು ಸರಿಯಾದ ದಾರಿಯಾ? ಹೋಗಿ ಬಂದವರು, ಅಲ್ಲೇ ಇರುವವರು ಹೇಳಿ.

ಲಾಸ್ಟ್‌ಬೆಂಚ್_ಸಾಗರ

ಹೋಗು ಮಾರಾಯ. ಇಲ್ಲಿದ್ದು ಏನು ಮಾಡುತ್ತೀಯಾ, ಅಡಿಕೆ ಕೊಯ್ಯುವ ಕೊನೆಗಾರನಿಗೆ ಫೋನ್ ಮಾಡಿ ಮಾಡಿ ಕಾಯುತ್ತೀಯಾ? ಈಗಂತೂ ಶಿವಮೊಗ್ಗದ ಸೋಗಾನೆಯಿಂದಲೇ ವಿಮಾನ ಇದೆ. ಬೆಳಿಗ್ಗೆ ಮನೆಯಲ್ಲಿ ಕಡುಬು ತಿಂದು ಹೊರಟರೆ ಮಾರನೇ ದಿನ ಲಂಡನ್.

ಪಹಣಿ_ಪಂಡಿತ

ನಾನು ಬ್ಯಾಂಕಿನಲ್ಲಿ ಸಾಲದ ಮೇಜಿನ ಮೇಲೆ 14 ವರ್ಷ ಕೂತವನು. ಇಂಗ್ಲೆಂಡಿನ ವಿಷಯ ನನಗೆ ಗೊತ್ತಿಲ್ಲ. ತೋಟದ ವಿಷಯ ಹೇಳುತ್ತೇನೆ.

ಸರ್ಕಾರಿ ಬ್ಯಾಂಕುಗಳಲ್ಲಿ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಆಸ್ತಿ ಬೇಕು. ಆದರೆ ಎಂಥ ಆಸ್ತಿ? ಪೇಟೆಯಲ್ಲಿ ಮನೆ, ಸೈಟು, ಇಲ್ಲವೇ ಎಫ್‌ಡಿ. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ, ಅಂದರೆ ಸಾಲ ಕಟ್ಟದಿದ್ದರೆ ಆ ಕಾಯ್ದೆಯಲ್ಲಿ ಬ್ಯಾಂಕು ತೋಟವನ್ನು ನೇರವಾಗಿ ವಶಕ್ಕೆ ತೆಗೆದುಕೊಂಡು ಹರಾಜು ಹಾಕಲು ಬರುವುದಿಲ್ಲ. ಹಾಗಾಗಿ ಎಷ್ಟೇ ಚಂದದ ತೋಟ ತೋರಿಸಿದರೂ ಮ್ಯಾನೇಜರ್ ಮುಖ ಸಿಂಡರಿಸುತ್ತಾರೆ. ಬಗರ್ ಹುಕುಂ ಅರ್ಧ ಎಕರೆಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡ. ಪಹಣಿಯಲ್ಲಿ ಅಪ್ಪನ ಹೆಸರಿಲ್ಲ ಅಂದರೆ ಬ್ಯಾಂಕಿನ ಕಣ್ಣಿಗೆ ಅಲ್ಲಿ ಬರೀ ಕಾಡು.

ಹಾಗಾದರೆ ನಿನ್ನ ಕನ್ಸಲ್ಟೆಂಟ್ 'ತೋಟದ ಮೇಲೆ ಸಾಲ ಆಗುತ್ತದೆ' ಅಂದದ್ದು ಯಾರ ಹತ್ತಿರ? ಇದನ್ನು ಕೇಳಿಕೊಂಡು ಬಾ. ಖಾಸಗಿ ಫೈನಾನ್ಸ್ ಅಂದರೆ ಬಡ್ಡಿ ಎಷ್ಟು ಅಂತಲೂ ಕೇಳು.

ಒಂದು ಲೆಕ್ಕ ಬರೆದುಕೋ. 20 ಲಕ್ಷ, ಶೇಕಡಾ 11 ಬಡ್ಡಿ. ಓದುವ ಒಂದು ವರ್ಷ, ಆಮೇಲೆ ಒಂದು ವರ್ಷ ಕಂತು ಇಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ! ಎರಡು ವರ್ಷಕ್ಕೆ 4.4 ಲಕ್ಷ ಸೇರಿ 24.4 ಲಕ್ಷ ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 33,600. ನಿನಗೆ 28 ತುಂಬಿದಾಗ ಶುರುವಾಗಿ 38ಕ್ಕೆ ಮುಗಿಯುತ್ತದೆ.

ಕೊಪ್ಪದವಳು_ಲೆಸ್ಟರ್‌ನಲ್ಲಿ

ನಾನು ಇದೇ ದಾರಿಯಲ್ಲಿ ಬಂದವಳು. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಬಂದೆ. ನಿನ್ನ ಕನ್ಸಲ್ಟೆಂಟ್ ಹೇಳಿದ್ದರಲ್ಲಿ ಒಂದು ಮಾತು ಹಳೆಯದಾಗಿದೆ. ಓದು ಮುಗಿದ ಮೇಲಿನ ಗ್ರಾಜುಯೇಟ್ ವೀಸಾ ನನಗೆ ಎರಡು ವರ್ಷ ಸಿಕ್ಕಿತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ. ನೀನು 2026ರ ಸೆಪ್ಟೆಂಬರ್‌ಗೆ ಬಂದರೂ ಓದು ಮುಗಿಯುವುದು 2027ರಲ್ಲಿ. ನಿನಗೆ ಎರಡು ವರ್ಷ ಇಲ್ಲ.

ಆಮೇಲೆ 'ಸೆಟಲ್'. ಆ 18 ತಿಂಗಳೊಳಗೆ ಸ್ಕಿಲ್ಡ್ ವರ್ಕರ್ ವೀಸಾ ಕೊಡಿಸುವ ಕಂಪನಿ ಹುಡುಕಬೇಕು. 2025ರ ಜುಲೈಯಿಂದ ಅದಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಓದು ಮುಗಿಸಿ ಬರುವ ಹೊಸಬರಿಗೆ ರಿಯಾಯಿತಿ ಇದೆ, 33,400. ಕಾಗದದ ಮೇಲೆ ಅಸಾಧ್ಯ ಅಲ್ಲ. ಆದರೆ ಇಂಟರ್‌ವ್ಯೂನಲ್ಲಿ 'ನನಗೆ ಸ್ಪಾನ್ಸರ್ ಬೇಕು' ಅನ್ನುವ ಮಾತು ಬಾಯಿಂದ ಬಂದ ಕೂಡಲೇ ಎದುರಿಗಿರುವವರ ದನಿ ಬದಲಾಗುತ್ತದೆ. ನನಗೆ 60ಕ್ಕೂ ಹೆಚ್ಚು ಸಲ ಆಗಿದೆ. ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೇನೆ, ನಾನೂ ಅಕೌಂಟ್ಸ್‌ನವಳೇ.

ಖರ್ಚಿನ ಬಗ್ಗೆ. ಲಂಡನ್ ಬಿಟ್ಟು ಬೇರೆ ಕಡೆ ಓದುವುದಾದರೆ ತಿಂಗಳಿಗೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳದ್ದು, ಅಂದರೆ 10,539 ಪೌಂಡ್ ಖಾತೆಯಲ್ಲಿ ತೋರಿಸಬೇಕು. ಅದು 28 ದಿನ ಅಲ್ಲಾಡದೆ ಇರಬೇಕು. ಇದಲ್ಲದೆ ಕಾಲೇಜಿನ ಫೀಸು. ಇದಲ್ಲದೆ ವೀಸಾ ಶುಲ್ಕ, ವರ್ಷಕ್ಕೆ 776 ಪೌಂಡ್ ಆರೋಗ್ಯ ಸರ್ಚಾರ್ಜ್. 22 ಲಕ್ಷದಲ್ಲಿ ಇದೆಲ್ಲ ಹೇಗೆ ಕೂರುತ್ತದೋ ನನಗೆ ಅರ್ಥವಾಗಲಿಲ್ಲ. 'ಷೋ ಮನಿ ನಾವೇ 28 ದಿನಕ್ಕೆ ಹಾಕಿಸುತ್ತೇವೆ' ಅಂದಿದ್ದಾರಾ? ಅಂದಿದ್ದರೆ ಆ ಆಫೀಸಿನ ಮೆಟ್ಟಿಲು ಇಳಿದು ಬಾ.

ಪಾರ್ಟ್‌ಟೈಮ್ ವಾರಕ್ಕೆ 20 ಗಂಟೆ. ಕನಿಷ್ಠ ಕೂಲಿ 2026ರ ಏಪ್ರಿಲ್‌ನಿಂದ ಗಂಟೆಗೆ 12.71 ಪೌಂಡ್. ವಾರ ಪೂರ್ತಿ ಕೆಲಸ ಸಿಕ್ಕರೆ ರೂಮು, ಊಟ ನಡೆಯುತ್ತದೆ. ಫೀಸಿನ ಸಾಲ ಅದರಲ್ಲಿ ತೀರುವುದಿಲ್ಲ. ಸಿಕ್ಕರೆ ಅಂತ ಯಾಕೆ ಹೇಳಿದೆ ಅಂದರೆ ನನಗೆ ಮೊದಲ ಕೆಲಸ ಸಿಕ್ಕಿದ್ದು ಹನ್ನೊಂದನೇ ವಾರದಲ್ಲಿ. ಗೋದಾಮಿನಲ್ಲಿ ರಾತ್ರಿ ಪಾಳಿ.

ಹೆದರಿಸಲು ಬರೆಯುತ್ತಿಲ್ಲ. ನನಗೆ ಈ ಊರು ಇಷ್ಟ. ಆದರೆ ನಮ್ಮಣ್ಣ ಸಾಲದ ಅರ್ಧ ಹೊತ್ತಿದ್ದಾನೆ, ಅದಕ್ಕೇ ಇದು ನಡೆಯುತ್ತಿದೆ.

ಅಡಿಕೆ_ತೋಟಿಗ

ಹುಡುಗರೆಲ್ಲ ಹೀಗೆ ಹೊರಟರೆ ತೋಟ ನೋಡುವವರು ಯಾರಪ್ಪ? ನಮ್ಮ ಕೇರಿಯಲ್ಲಿ ಹನ್ನೆರಡು ಮನೆ. ಐವತ್ತರ ಒಳಗಿನ ಗಂಡಸು ನಾನೊಬ್ಬನೇ, ನನಗೂ 48. ಮೊನ್ನೆ ಒಂದು ಸಾವಾಯಿತು, ಹೆಗಲು ಕೊಡಲು ಪಕ್ಕದೂರಿನಿಂದ ಕರೆಸಿದೆವು.

ಬೈಯುತ್ತಿಲ್ಲ. ನನ್ನ ಮಗಳೂ ಪುಣೆಯಲ್ಲಿದ್ದಾಳೆ. ಆದರೆ ಎರಡು ಎಕರೆ ಸಣ್ಣ ತೋಟ ಅಲ್ಲ. ಎಲೆಚುಕ್ಕೆ ಬಂದಿದೆ ನಿಜ, ನಮ್ಮಲ್ಲೂ ಬಂದಿದೆ. ರೋಗದ ಸೋಗೆ ಕತ್ತರಿಸಿ ಸುಟ್ಟು, ಹೇಳಿದ ಹೊತ್ತಿಗೆ ಔಷಧಿ ಹೊಡೆದವರದ್ದು ಸ್ವಲ್ಪ ಉಳಿದಿದೆ. ಹೋಗಲೇಬೇಕು ಅಂದರೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟು ಹೋಗು. ಅಪ್ಪನಿಗೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಯಾವುದೂ ತಲೆನೋವಿಲ್ಲ. ದುಡ್ಡು ಸ್ವಲ್ಪ ಕಮ್ಮಿ ಬರುತ್ತದೆ, ಆದರೆ ತೋಟ ನಿಮ್ಮದಾಗಿ ಇರುತ್ತದೆ. ಅಡ ಇಟ್ಟರೆ ಅದೂ ಇಲ್ಲ.

ಹೊಳೆಸಾಲು_26

ಎಲ್ಲರಿಗೂ ಥ್ಯಾಂಕ್ಸ್. @ಪಹಣಿ_ಪಂಡಿತ, ಇವತ್ತು ಫೋನ್ ಮಾಡಿ ಕೇಳಿದೆ. ಬ್ಯಾಂಕಲ್ಲ. ಅವರಿಗೆ 'ಪರಿಚಯದ ಫೈನಾನ್ಸಿಯರ್' ಇದ್ದಾರಂತೆ. ನೂರಕ್ಕೆ ಒಂದೂವರೆ, ತಿಂಗಳಿಗೆ. ಕ್ರಯಪತ್ರದ ಹಾಗೆ ಏನೋ ಒಂದು ಬರೆದುಕೊಡಬೇಕಂತೆ, 'ಅದೆಲ್ಲ ಫಾರ್ಮಾಲಿಟಿ' ಅಂದರು.

@ಕೊಪ್ಪದವಳು_ಲೆಸ್ಟರ್‌ನಲ್ಲಿ, ಷೋ ಮನಿ ಬಗ್ಗೆ ನೀವು ಬರೆದ ವಾಕ್ಯವನ್ನೇ ಅವರೂ ಹೇಳಿದ್ದರು, ಅಕ್ಷರಕ್ಕೆ ಅಕ್ಷರ.

ಆದರೂ ನನಗೆ ಇಲ್ಲಿ ಇರಲು ಆಗುತ್ತಿಲ್ಲ.

ಪಹಣಿ_ಪಂಡಿತ

ತಿಂಗಳಿಗೆ ಒಂದೂವರೆ ಅಂದರೆ ವರ್ಷಕ್ಕೆ 18. ಮತ್ತೆ, ಕ್ರಯಪತ್ರ ಫಾರ್ಮಾಲಿಟಿ ಅಲ್ಲ ತಮ್ಮಾ. ಅದು ಮಾರಾಟ. ಅಪ್ಪನಿಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅಂತ ಇವತ್ತೇ ಹೇಳು. ನಾಳೆ ಬೆಳಿಗ್ಗೆ ಅಂತ ಬಿಡಬೇಡ.

ದುರ್ಗಿಗುಡಿ_ಅಕ್ಕ

ಒಂದು ಮಾತು ಕೇಳಲಾ, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಹೋಗಿ ವರ್ಷ ಆಯಿತು ಅಂದೆ. ಕನ್ಸಲ್ಟೆಂಟ್ ಹತ್ತಿರ ಹೋದದ್ದು ಈಗ. ನಡುವೆ ಏನಾಯಿತು?

ಹೊಳೆಸಾಲು_26

ಅಕ್ಕ, ನೀವು ಕೇಳುವ ತನಕ ಬರೆಯಬಾರದು ಅಂದುಕೊಂಡಿದ್ದೆ.

ನಿಶ್ಚಿತಾರ್ಥ ಆಗಿತ್ತು. ಬೆಂಗಳೂರು ಕೆಲಸ ಇದ್ದಾಗ ಒಪ್ಪಿದ್ದ ಸಂಬಂಧ. ನಾನು ಊರಲ್ಲೇ ಇರುತ್ತೇನೆ ಅಂತ ಗೊತ್ತಾದ ಮೇಲೆ ಅವರ ಕಡೆಯಿಂದ ಫೋನ್ ಕಮ್ಮಿ ಆಯಿತು. ಏಪ್ರಿಲ್‌ನಲ್ಲಿ ಅವಳ ಮಾವ ಬಂದು ಉಂಗುರ, ಸೀರೆ ವಾಪಸ್ ಕೊಟ್ಟು ಹೋದರು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೋಗುವಾಗ ಕವರು ಮೇಜಿನ ಮೇಲಿಟ್ಟರು. ಅವಳ ಮೇಲೆ ಸಿಟ್ಟಿಲ್ಲ. ತೋಟದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ.

ಅದಾಗಿ ಹನ್ನೊಂದು ದಿನಕ್ಕೆ ಕನ್ಸಲ್ಟೆಂಟ್ ಆಫೀಸಿಗೆ ಹೋದೆ. ನೀವು ಕೇಳಿದ ಮೇಲೆ ಲೆಕ್ಕ ಹಾಕಿ ನೋಡಿದೆ.

ತೀರ್ಥಹಳ್ಳಿ ಪೇಟೆಗೆ ಹೋದರೆ ಔಷಧಿ ಅಂಗಡಿಯವರೂ 'ಯಾವಾಗ ಊಟ ಹಾಕಿಸುತ್ತೀಯಾ' ಅಂತ ಕೇಳುತ್ತಾರೆ. ಅವರಿಗೆ ಗೊತ್ತಿಲ್ಲದೆ ಕೇಳುವುದೋ ಗೊತ್ತಿದ್ದೂ ಕೇಳುವುದೋ ತಿಳಿಯುವುದಿಲ್ಲ. ಈಗ ಸಾಮಾನಿಗೆ ಕೊಪ್ಪಕ್ಕೆ ಹೋಗುತ್ತೇನೆ. ಅಲ್ಲಿ ಯಾರಿಗೂ ನನ್ನ ಗುರುತಿಲ್ಲ.

ದುರ್ಗಿಗುಡಿ_ಅಕ್ಕ

ಬರೆದದ್ದು ಒಳ್ಳೆಯದಾಯಿತು. ಹೋಗಬೇಡ ಅಂತ ನಾನು ಹೇಳುವುದಿಲ್ಲ. ನನ್ನ ಮಗ ಕೆನಡಾದಲ್ಲಿದ್ದಾನೆ, ಚೆನ್ನಾಗಿದ್ದಾನೆ. ಆದರೆ ಕೊಪ್ಪದವರೆಗೆ ಬಸ್ಸಿನ ದುಡ್ಡಿನಲ್ಲಿ ಆಗುವ ಕೆಲಸಕ್ಕೆ 20 ಲಕ್ಷ ಯಾಕೆ? ಅದನ್ನು ಬೇರೆ ಇಡು, ಇದನ್ನು ಬೇರೆ ಇಡು. ಎರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಹೊರಟಿದ್ದೀಯಾ ಅನ್ನಿಸಿತು.

ಅಮ್ಮನಿಗೆ ಏನು ಹೇಳಿದ್ದೀಯಾ?

ಲಾಸ್ಟ್‌ಬೆಂಚ್_ಸಾಗರ

ಸಾರಿ ಗುರು. ಮೊದಲು ತಮಾಷೆಗೆ ಬರೆದೆ. ನನ್ನದೂ ಒಂದು ಮುರಿದಿದೆ, ನಿಶ್ಚಿತಾರ್ಥದ ತನಕ ಹೋಗಿರಲಿಲ್ಲ ಅಷ್ಟೇ.

ಮುಳುಗಡೆ_ಮೊಮ್ಮಗ

ವಿಷಯಕ್ಕೆ ಸ್ವಲ್ಪ ದೂರ, ಆದರೂ ಬರೆಯುತ್ತೇನೆ. ನಮ್ಮಜ್ಜ ಶರಾವತಿ ಹಿನ್ನೀರಿನವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಅದಕ್ಕೆ ಮೊದಲೇ ಇವರನ್ನು ಎಬ್ಬಿಸಿದರು. ಮನೆಯ ಕಂಬ, ತೊಲೆ, ಬಾಗಿಲು ಬಿಚ್ಚಿ ಲಾರಿಗೆ ಹೇರಿಕೊಂಡು ಬಂದರಂತೆ. ಈಗಲೂ ನಮ್ಮ ಜಗಲಿಯಲ್ಲಿರುವ ಎರಡು ಕಂಬ ಆ ಮನೆಯವು. ಒಂದರ ಬುಡ ಗಿಡ್ಡ, ಅಡಿಗೆ ಕಲ್ಲು ಕೊಟ್ಟು ಸರಿ ಮಾಡಿದ್ದಾರೆ. ಬಂದಿಳಿದದ್ದು ಬರೀ ಕಾಡಿಗೆ. ಅಲ್ಲಿ ಸಸಿ ನೆಟ್ಟು ಅಡಿಕೆ ಕೊನೆ ಕಾಣಲು ಏಳು ವರ್ಷ. ಆ ಜಾಗದ ಹಕ್ಕುಪತ್ರಕ್ಕೆ ನಮ್ಮಪ್ಪ ಇವತ್ತಿಗೂ ಅಲೆಯುತ್ತಿದ್ದಾರೆ.

ಅಜ್ಜನಿಗೆ ವಾಪಸ್ ಹೋಗುವ ದಾರಿಯೇ ಇರಲಿಲ್ಲ, ಊರೇ ನೀರಿನೊಳಗೆ. 2025ರ ಜುಲೈನಲ್ಲಿ ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯಿತಲ್ಲ, ಅಪ್ಪ ಅದರ ಮೇಲೆ ನಿಂತು 'ಇಲ್ಲೇ ಎಲ್ಲೋ' ಅಂತ ಕೈ ತೋರಿಸಿದರು. ಎತ್ತ ತೋರಿಸಿದರು ಅಂತ ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿದ್ದ ಹಾಗಿರಲಿಲ್ಲ.

ನೀನು ಹೋಗು. ಆದರೆ ಹೊಸದು ಕಾಯಿ ಕಚ್ಚುವ ತನಕ ತಿನ್ನಲು ಹಳೆಯದು ಏನಾದರೂ ಇರಲಿ. ಅಜ್ಜನಿಗೆ ಆ ಏಳು ವರ್ಷ ಕೂಲಿ ಕೆಲಸ ಇತ್ತು. ನಿನಗೆ ತಿಂಗಳ ಕಂತು ಇರುತ್ತದೆ.

ದುಬೈ_ರಿಟರ್ನ್_ಭದ್ರಾವತಿ

ಏಜೆಂಟರ ವಿಷಯದಲ್ಲಿ ನಾನು ಎರಡು ಮಾತು ಹೇಳುತ್ತೇನೆ. ಎರಡಕ್ಕೂ ನನ್ನ ದುಡ್ಡು ಹೋಗಿದೆ.

ಕೆಲಸಕ್ಕೆ ಅಂತ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು, 1983ರ ವಲಸೆ ಕಾಯ್ದೆ ಪ್ರಕಾರ. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಇದೆಯೋ, ರದ್ದಾಗಿದೆಯೋ ಗೊತ್ತಾಗುತ್ತದೆ. ಅಭ್ಯರ್ಥಿಯಿಂದ ಅವರು ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನಾನು ಕೊಟ್ಟದ್ದು 1 ಲಕ್ಷ 40 ಸಾವಿರ, ರಸೀದಿ ಇಲ್ಲ. ಆದರೆ ಗಮನಿಸು, ಓದಲು ಕಳಿಸುವ ಕನ್ಸಲ್ಟೆಂಟ್‌ಗಳು ಈ ಕಾಯ್ದೆಯ ಕೆಳಗೆ ಬರುವುದಿಲ್ಲ. ಬೋರ್ಡು ಹಾಕಿಕೊಂಡರೆ ಮುಗಿಯಿತು. ಹಾಗಾಗಿ ನಿನ್ನ 25,000ಕ್ಕೆ ಬರೆದುಕೊಟ್ಟ ಕಾಗದ ಇದ್ದರೆ ಮಾತ್ರ ಕೇಳಲು ದಾರಿ.

ಇನ್ನೊಂದು. ಇಂಗ್ಲೆಂಡ್ ಆಗದಿದ್ದರೆ ಇದೇ ಜನ ಅಥವಾ ಇವರ ಪರಿಚಯದವರು 'ಥಾಯ್ಲೆಂಡ್, ಡೇಟಾ ಎಂಟ್ರಿ, ಒಳ್ಳೆ ಸಂಬಳ, ಖರ್ಚೇ ಇಲ್ಲ' ಅಂತ ಬರಬಹುದು. ಕಾಂಬೋಡಿಯಾ, ಲಾವೋಸ್ ಅಂತಲೂ ಹೇಳುತ್ತಾರೆ. ಬ್ಯಾಂಕಾಕಿನಲ್ಲಿ ಇಳಿಸಿ ಮ್ಯಾನ್ಮಾರ್ ಗಡಿ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು ಸೈಬರ್ ವಂಚನೆಗೆ ಕೂರಿಸುತ್ತಾರೆ. ನಮ್ಮ ವಿದೇಶಾಂಗ ಸಚಿವಾಲಯ ಈ ಬಗ್ಗೆ ಎಷ್ಟೋ ಸಲ ಎಚ್ಚರಿಕೆ ಕೊಟ್ಟಿದೆ. ಮನಸ್ಸು ಕೆಟ್ಟಿರುವ ಹುಡುಗರೇ ಅವರಿಗೆ ಬೇಕು, ಜಾಸ್ತಿ ಪ್ರಶ್ನೆ ಕೇಳುವುದಿಲ್ಲ ನೋಡು.

ಶ್ವೆಸ್ಟರ್_ಹೊಸನಗರ

ಡ್ಯೂಟಿ ಮುಗಿಸಿ ಬಂದು ಇಡೀ ಚರ್ಚೆ ಓದಿದೆ. ನಾನು ಜರ್ಮನಿಯಲ್ಲಿ ನರ್ಸ್, ನಾಲ್ಕನೇ ವರ್ಷ. ಶ್ವೆಸ್ಟರ್ ಅಂದರೆ ಇಲ್ಲಿ ಸಿಸ್ಟರ್ ಅಂತ. ಹೊಳೆಸಾಲು, ನಿನಗೆ ಕನ್ಸಲ್ಟೆಂಟ್ ಹೇಳದ ಒಂದು ದಾರಿ ಹೇಳುತ್ತೇನೆ. ಅವರು ಯಾಕೆ ಹೇಳಲಿಲ್ಲ ಅಂದರೆ ಅದರಲ್ಲಿ ಕಾಲೇಜಿನಿಂದ ಕಮಿಷನ್ ಇಲ್ಲ.

ಇಲ್ಲಿ ಆವ್ಸ್‌ಬಿಲ್ಡುಂಗ್ ಅಂತ ಇದೆ. ಕೆಲಸ ಕಲಿಯುವ ತರಬೇತಿ. ಎರಡರಿಂದ ಮೂರೂವರೆ ವರ್ಷ. ವಾರದಲ್ಲಿ ಕೆಲವು ದಿನ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ. ಫೀಸು ಕಟ್ಟುವುದಲ್ಲ, ಅವರೇ ತಿಂಗಳಿಗೆ ಕೊಡುತ್ತಾರೆ. ಕೆಲಸದ ಮೇಲೆ ಹೆಚ್ಚು ಕಮ್ಮಿ ಆಗುತ್ತದೆ, ಮೊದಲ ವರ್ಷ ಸಾವಿರ ಯೂರೋ ಆಸುಪಾಸು ಅಂದುಕೋ, ನರ್ಸಿಂಗ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅದರಲ್ಲಿ ವಿಮೆ, ಪೆನ್ಷನ್ ಅಂತ ಕತ್ತರಿಸುತ್ತಾರೆ. ಕೈಗೆ ಬಂದದ್ದರಲ್ಲಿ ರೂಮು, ಅಕ್ಕಿ, ಬೇಳೆ ಆಗುತ್ತದೆ, ಐಫೋನ್ ಆಗುವುದಿಲ್ಲ. ಮುಗಿಸಿದ ಮೇಲೆ ಕೆಲಸ ಸಿಗುವ ದಾರಿ ಇಂಗ್ಲೆಂಡಿನ 18 ತಿಂಗಳ ಓಟಕ್ಕಿಂತ ಸಲೀಸು.

ಆದರೆ ಬಾಗಿಲಲ್ಲೇ ಒಂದು ಕಲ್ಲಿದೆ, ಭಾಷೆ. ಜರ್ಮನ್ ಭಾಷೆಗೆ ಎ1, ಎ2, ಬಿ1, ಬಿ2 ಅಂತ ಮೇಲೇರುವ ಮಟ್ಟಗಳಿವೆ. ಸಾಮಾನ್ಯವಾಗಿ ಬಿ1 ಬೇಕು, ನರ್ಸಿಂಗ್‌ಗೆ ಬಿ2 ಕೇಳುವವರೇ ಜಾಸ್ತಿ. ಬೆಂಗಳೂರಿನ ಗೋಥೆ ಇನ್‌ಸ್ಟಿಟ್ಯೂಟಿನಲ್ಲಿ ಪರೀಕ್ಷೆ. ಓದು, ಕೇಳು, ಬರೆ, ಮಾತಾಡು, ಹೀಗೆ ನಾಲ್ಕು ಭಾಗ, ಪ್ರತಿಯೊಂದರಲ್ಲೂ 60 ಬರಬೇಕು. ಒಂದರಲ್ಲಿ ಬಿದ್ದರೆ ಬಿ1ನಲ್ಲಿ ಅದೊಂದನ್ನೇ ಮತ್ತೆ ಬರೆಯಬಹುದು. ನನಗೆ ಸೊನ್ನೆಯಿಂದ ಬಿ2 ಮುಟ್ಟಲು 14 ತಿಂಗಳು ಬೇಕಾಯಿತು, ಮಾತಾಡುವ ಭಾಗದಲ್ಲಿ ಒಂದು ಸಲ ಡುಮ್ಕಿ.

ಪರೀಕ್ಷೆ ಪಾಸಾದೆ ಅಂತ ಬೀಗಿಕೊಂಡು ಬಂದವಳು ಮೊದಲ ದಿನ ಬೆಳಿಗ್ಗೆ ಆರಕ್ಕೆ ವಾರ್ಡಿನಲ್ಲಿ ನಿಂತೆ. ರಾತ್ರಿ ಪಾಳಿಯವರು ರೋಗಿಗಳ ವಿಷಯ ಒಪ್ಪಿಸುತ್ತಾರಲ್ಲ, ಆ ಇಪ್ಪತ್ತು ನಿಮಿಷದಲ್ಲಿ ನನಗೆ ತಿಳಿದದ್ದು ಹಾಸಿಗೆ ನಂಬರ್ ಮಾತ್ರ. ಏಳು, ಒಂಬತ್ತು, ಹನ್ನೆರಡು. ಉಳಿದದ್ದೆಲ್ಲ ಮಳೆ ಸದ್ದು. ಹನ್ನೆರಡನೇ ನಂಬರಿನ ಅಜ್ಜಿ ಮಾತಾಡುವುದು ಆ ಊರಿನ ಆಡುಭಾಷೆ. ನೀರು ಕೇಳಿದರೆ ನಾನು ಕಿಟಕಿ ತೆಗೆದೆ. ಅವಳು ನಗಲಿಲ್ಲ, ಕೈ ಹಿಡಿದು ಲೋಟ ತೋರಿಸಿದಳು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಮೂರು ತಿಂಗಳು ಹೀಗೇ.

ಮತ್ತೆ ಚಳಿ ಚಳಿ ಅನ್ನುತ್ತಾರೆ, ಅದಕ್ಕೆ ಕೋಟು ಸಿಗುತ್ತದೆ. ನಮ್ಮಂಥ ಮಳೆ ಊರಿನವರಿಗೂ ಕಷ್ಟ ಆಗುವುದು ಕತ್ತಲೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ದೀಪ ಹಾಕಬೇಕು. ಮನೆಗೆ ಫೋನ್ ಮಾಡಿದರೆ ಅಲ್ಲಿ ರಾತ್ರಿ ಒಂಬತ್ತು, ಅಮ್ಮ ಆಕಳಿಸುತ್ತಿರುತ್ತಾಳೆ.

ಒಂದು ಎಚ್ಚರಿಕೆ. ಆವ್ಸ್‌ಬಿಲ್ಡುಂಗ್ ಕಾಂಟ್ರಾಕ್ಟ್ ಕೊಡಿಸುತ್ತೇನೆ ಅಂತ ಲಕ್ಷಗಟ್ಟಲೆ ಕೇಳುವ ಏಜೆಂಟರೂ ಈಗ ಹುಟ್ಟಿಕೊಂಡಿದ್ದಾರೆ. ಕಂಪನಿಗಳಿಗೆ ನೀನೇ ಅರ್ಜಿ ಹಾಕಬಹುದು. ಜರ್ಮನ್ ಸರ್ಕಾರದ 'ಮೇಕ್ ಇಟ್ ಇನ್ ಜರ್ಮನಿ' ಪುಟದಲ್ಲಿ ಎಲ್ಲ ಬರೆದಿದ್ದಾರೆ.

ಲಾಸ್ಟ್‌ಬೆಂಚ್_ಸಾಗರ

ಜರ್ಮನಿಗೆ ಇನ್ನೊಂದು ಇದೆಯಲ್ಲ, ಚಾನ್ಸೆನ್‌ಕಾರ್ಟೆ? ಸುಮ್ನೆ ಹೋಗಿ ಕೆಲಸ ಹುಡುಕುವುದು. ಡಿಗ್ರಿ ಇದ್ದವನಿಗೆ ಅದೇ ವಾಸಿ ಅಲ್ವಾ? ಬಿ.ಕಾಂ. ಮುಗಿಸಿ ಮತ್ತೆ ಐಟಿಐ ತರ ಕೋರ್ಸು ಅಂದರೆ ಊರಲ್ಲಿ ಏನನ್ನುತ್ತಾರೆ.

ಶ್ವೆಸ್ಟರ್_ಹೊಸನಗರ

ಇದೆ, 2024ರ ಜೂನ್‌ನಿಂದ. ಒಂದು ವರ್ಷದ್ದು. ವಯಸ್ಸು, ಭಾಷೆ, ಅನುಭವಕ್ಕೆ ಅಂಕ ಕೊಡುತ್ತಾರೆ, ಆರು ಅಂಕ ಬೇಕು. 35ರ ಒಳಗಿದ್ದರೆ ಅದಕ್ಕೇ ಎರಡು. ಆದರೆ ಒಂದು ವರ್ಷದ ಖರ್ಚು ಮೊದಲೇ ತೋರಿಸಬೇಕು, 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ. ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಜರ್ಮನ್ ಬರದ ಅಕೌಂಟೆಂಟ್‌ಗೆ ಇಲ್ಲಿ ಯಾರು ಕೆಲಸ ಕೊಡುತ್ತಾರೆ? ಇಲ್ಲಿನ ತೆರಿಗೆ ಕಾಗದ ಒಮ್ಮೆ ನೋಡಬೇಕು ನೀನು. ಹಾಗಾಗಿ ಅಲ್ಲೂ ಕೊನೆಗೆ ಭಾಷೆಯೇ.

ಊರಲ್ಲಿ ಏನನ್ನುತ್ತಾರೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಡಿಗ್ರಿಗೂ ಇಲ್ಲಿ ಮೊದಲು 'ಕೊರತೆ ಇದೆ' ಅಂತ ಪತ್ರ ಬಂತು, ಮತ್ತೆ ಪರೀಕ್ಷೆ ಬರೆಸಿದರು. ಹೌದು, ನಿನ್ನ ಕ್ಲಾಸಿನಲ್ಲಿ ಹದಿನೆಂಟರ ಮಕ್ಕಳು ಇರುತ್ತಾರೆ. ಅವರ ಪಕ್ಕ ಕೂತು ಕಲಿಯಲು ಆಗುವುದಿಲ್ಲ ಅಂದರೆ ಈಗಲೇ ಬಿಟ್ಟುಬಿಡು.

ಅಡಿಕೆ_ತೋಟಿಗ

ಒಂದು ವರ್ಷ ಊರಲ್ಲೇ ಕೂತು ಭಾಷೆ ಕಲಿಯಬಹುದು ಅಂತಾಯಿತು. ಹಾಗಾದರೆ ಈ ವರ್ಷದ ಕೊಯ್ಲಿಗೆ ನೀನಿರುತ್ತೀಯಾ. ನಾನು ಇಷ್ಟೇ ಹೇಳುವುದು.

ಕೊಪ್ಪದವಳು_ಲೆಸ್ಟರ್‌ನಲ್ಲಿ

ನನಗೂ ಆಗ ಯಾರಾದರೂ ಇದನ್ನು ಹೇಳಿದ್ದರೆ! ಅಂದ ಹಾಗೆ ಕೊಪ್ಪದಲ್ಲಿ ನಿನ್ನ ಗುರುತು ಯಾರಿಗೂ ಇಲ್ಲ ಅಂದುಕೊಳ್ಳಬೇಡ. ನಮ್ಮಮ್ಮನಿಗೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಪ್ರತಿಯೊಬ್ಬರ ಜಾತಕ ಗೊತ್ತಿರುತ್ತದೆ.

ಹೊಳೆಸಾಲು_26

ಮೂರು ವಾರ ಬರೆಯಲಿಲ್ಲ, ಕ್ಷಮಿಸಿ. ಮಳೆ ಹಿಡಿದು ನಾಲ್ಕು ದಿನ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ.

ಇಂಗ್ಲೆಂಡ್ ಫೈಲ್ ವಾಪಸ್ ತೆಗೆದುಕೊಂಡೆ. 25,000ದಲ್ಲಿ 10,000 ಕೊಟ್ಟಿದ್ದಾರೆ, ಉಳಿದದ್ದು 'ಪ್ರೊಸೆಸಿಂಗ್' ಅಂತೆ. ರಸೀದಿ ಇತ್ತು, ಅದಕ್ಕೇ ಇಷ್ಟಾದರೂ ಬಂತು. ಉಳಿದದ್ದನ್ನೂ ಕೇಳುತ್ತಿದ್ದೇನೆ. ಅಪ್ಪ ಯಾವ ಕಾಗದಕ್ಕೂ ಸಹಿ ಹಾಕಿಲ್ಲ.

ಅಪ್ಪನಿಗೆ ಹೇಳಿದ್ದು ಹೇಗೆ ಅಂದರೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುತ್ತಿದ್ದೆವು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತುತ್ತದ ನೀರನ್ನು ನಾನು ಹೊಯ್ಯುತ್ತಿದ್ದೆ, ಅಪ್ಪ ಕೋಲಿನಲ್ಲಿ ತಿರುವುತ್ತಿದ್ದರು. ಆಗ ಹೇಳಿದೆ, ತೋಟ ಅಡ ಇಡುವುದು ಬೇಡ, ಇಂಗ್ಲೆಂಡ್ ಬೇಡ, ಒಂದು ವರ್ಷ ಇಲ್ಲೇ ಇದ್ದು ಜರ್ಮನ್ ಕಲಿಯುತ್ತೇನೆ, ಆಮೇಲೆ ಸಿಕ್ಕರೆ ಹೋಗುತ್ತೇನೆ, ಅಂತ. ಅಪ್ಪ ಏನೂ ಹೇಳಲಿಲ್ಲ. ಸೊಂಟದ ಕತ್ತಿ ತೆಗೆದು ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಹಿಡಿದು ಎತ್ತಿ ನೋಡಿದರು. ಹದ ಆಗದಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂತು ಕೆಂಪಾಗುತ್ತದೆ. 'ಕೆಂಪು ಬಂತು, ಇನ್ನೊಂಚೂರು ಸುಣ್ಣ ಹಾಕು' ಅಂದರು. ಹಾಕಿದೆ. ಮತ್ತೆ ಅದ್ದಿದರು, ಬೆಳ್ಳಗೇ ಇತ್ತು. ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಹತ್ತಿರ 'ಅವನು ಮುಂದಿನ ವರ್ಷ ಹೋಗುವುದಂತೆ' ಅಂದರಂತೆ. ಅಷ್ಟೇ.

ಅಕ್ಕ, ಅಮ್ಮನಿಗೆ ಎಲ್ಲ ಹೇಳಿದೆ. ಉಂಗುರವನ್ನು ಅವಳು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳು, ನನಗೆ ಕಾಣಬಾರದು ಅಂತ. ಅದನ್ನು ಕೊಟ್ಟು ಲ್ಯಾಪ್‌ಟಾಪ್ ತೆಗೆದುಕೋ ಅನ್ನುತ್ತಿದ್ದಾಳೆ.

ಎ1 ಕ್ಲಾಸ್ ಸೇರಿದೆ, ಆನ್‌ಲೈನ್, ಬೆಳಿಗ್ಗೆ ಏಳಕ್ಕೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಗುಡ್ಡದ ಮೇಲೆ ಗೇರುಮರದ ಹತ್ತಿರ ಎರಡು ಕಡ್ಡಿ ಬರುತ್ತದೆ, ಕೊಡೆ ಹಿಡಿದುಕೊಂಡು ಅಲ್ಲೇ ನಿಲ್ಲುತ್ತೇನೆ. ಜಿಗಣೆ ಕಾಟ ಒಂದೇ. ಪೇಟೆಗೂ ಹೋದೆ ಮೊನ್ನೆ. ಔಷಧಿ ಅಂಗಡಿಯವರು ಕೇಳಿದರು, 'ಅದು ಮುರಿದುಹೋಯಿತು' ಅಂದೆ. 'ಹೌದಾ' ಅಂತ ಚಿಲ್ಲರೆ ಕೊಟ್ಟರು.

@ಶ್ವೆಸ್ಟರ್_ಹೊಸನಗರ, ಒಂದು ಸಂದೇಹ. ಜರ್ಮನ್‌ನಲ್ಲಿ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ. ಇದಕ್ಕೆ ಏನಾದರೂ ನಿಯಮ ಇದೆಯಾ, ಬಾಯಿಪಾಠವೇ ಗತಿಯಾ?

ಶ್ವೆಸ್ಟರ್_ಹೊಸನಗರ

ಮುಕ್ಕಾಲು ಪಾಲು ಬಾಯಿಪಾಠ. ಹುಡುಗಿಗೆ, ಅಂದರೆ 'ಮೇಡ್‌ಹೆನ್'ಗೆ ಮಾತ್ರ ನಿಯಮ ಇದೆ, '-ಹೆನ್' ಅಂತ ಮುಗಿದರೆ ನಪುಂಸಕ. ಪದ ಬರೆದುಕೊಳ್ಳುವಾಗ ಲಿಂಗ ತೋರಿಸುವ ಡೇರ್, ಡೀ, ದಾಸ್ ಸೇರಿಸಿಯೇ ಬರೆದುಕೋ, ಬರೀ ಪದ ಬರೆಯಬೇಡ. ನನ್ನ ಹಳೇ ನೋಟ್ಸ್ ಹೊಸನಗರದ ಮನೆಯಲ್ಲಿ ಅಟ್ಟದ ಮೇಲಿದೆ. ತಮ್ಮನಿಗೆ ಹೇಳಿ ಶಿವಮೊಗ್ಗ ಬಸ್ಸಿಗೆ ಹಾಕಿಸಲಾ?

ಹೊಳೆಸಾಲು_26

ಹಾಕಿಸಿ ಅಕ್ಕ. ಗುರುವಾರ ಬೇಡ, ಔಷಧಿ ಹೊಡೆಯುವವರು ಬರುತ್ತಾರೆ. ಶುಕ್ರವಾರ ಬಸ್‌ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳುತ್ತೇನೆ.